ಹಿಂದೊಬ್ಬ, ಮುಂದೊಬ್ಬ

ಅಣ್ಣನಿಗೆ ನಮಸ್ಕಾರ.

ನಾವು ಮಾತುಬಿಡುವ ಮೊದಲು ವಿಡಿಯೋ ಸ್ಟುಡಿಯೋಗೆ ತಂದಿದ್ದ ಪಿಕ್ಚರ್ ಟ್ಯೂಬಿನ ಮಾನಿಟರ್‌ನಲ್ಲಿ ಚಿತ್ರ ಕುಗ್ಗಿ ಒಂದೇ ಗೆರೆಯಾಗಿತ್ತು. ಹೊಸದು ದುಬಾರಿ, ಹಳೆಯದಕ್ಕೇ ರಿಪೇರಿ. ಬಿರುಕುಬಿಟ್ಟ ಬೆಸುಗೆಯನ್ನು ಮತ್ತೆ ಹಾಕಿದೆ. ಚಿತ್ರವೇನೋ ಬಂತು, ಆದರೆ ಎಲ್ಲರಿಗೂ ತಲೆ ಉದ್ದ, ಕಾಲು ಗಿಡ್ಡ.

ಸರಿಪಡಿಸುವ ತಿರುಪು ಹಿಂದಿದೆ, ಚಿತ್ರ ಮುಂದಿದೆ. ಎದುರಿಗೆ ಕನ್ನಡಿ ಇಟ್ಟರೆ ನನ್ನ ಮುಖವೇ ಅಡ್ಡ ಬರುತ್ತದೆ. ನನ್ನವಳನ್ನು ಮುಂದೆ ಕೂರಿಸಿದೆ. “ಎಷ್ಟು ತಿರುಗಿಸಿದ್ರೂ ನಂಗೆ ಹಂಗೇ ಕಾಣುತ್ತೆ. ಭಾವನವರನ್ನೇ ಕರೀರಿ, ಬಿಗುಮಾನ ಬಿಡ್ರಿ” ಅಂದಳು.

ಭಾನುವಾರ ಬಾ. ನಾನು ಮಾನಿಟರ್ ಹಿಂದೆ ಇರುತ್ತೇನೆ, ಮುಖ ನೋಡುವ ಮುಜುಗರವಿಲ್ಲ. ನೀನು ಮುಂದೆ ಕೂತು “ಇನ್ನೂ ಸ್ವಲ್ಪ”, “ಸಾಕು” ಎಂದಷ್ಟೇ ಹೇಳು. ಉಳಿದ ಎರಡು ವರ್ಷದ ಮಾತನ್ನು ಚಿತ್ರ ನೆಟ್ಟಗಾದ ಮೇಲೆ ನೋಡೋಣ.

ಸ್ಕ್ರೂಡ್ರೈವರ್ ಹಿಡಿದು ಕಾದಿರುವ,
ತಮ್ಮ