ಎರಡನೇ ಉದಾಹರಣೆಯ ಜಾಗ

ಮನೆಯಿಂದ,
ಮಾರ್ಚ್ ೧೦, ಸೋಮವಾರ ಮಧ್ಯಾಹ್ನ

ತಮ್ಮಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರುತ್ತೀಯ, ಸ್ವಲ್ಪ ಕೂರು ಎನ್ನಲು ಅಲ್ಲಿ ಯಾರಿದ್ದಾರೆ. ನಾನು ಚೆನ್ನಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ನಿನ್ನ ಮಗಳನ್ನು ಕರೆಯಬೇಕು, ಅವಳು ಎದ್ದು ಬರುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿರುತ್ತದೆ. ಈ ಕಾಗದವನ್ನು ನಿನ್ನ ಕಂಪನಿಯ ಆಫೀಸಿಗೆ ಹಾಕುತ್ತಿದ್ದೇನೆ. ಹಡಗು ಮುಂದೆ ಯಾವ ಬಂದರಿಗೆ ಬರುತ್ತದೋ ಅಲ್ಲಿಗೆ ಕಳಿಸುತ್ತಾರಂತೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಕಷ್ಟಪಟ್ಟು ಓದಿಕೋ.

ನಿನ್ನ ಮಗಳ ಕೆಲಸ ಏನೆಂದು ನಿನಗೆ ಗೊತ್ತಿರಲಿಕ್ಕಿಲ್ಲ, ಕೇಳಿದ್ದರೆ ತಾನೇ. ನಾನು ಬಟ್ಟೆ ಕತ್ತರಿಸುವ ಮೇಜಿನ ಆ ತುದಿಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಾಳೆ. ಅದರೊಳಗೆ, ಇಂಥವರ ಇಮೇಲ್ ಬೇಕು ಎಂದರೆ ಹುಡುಕಿ ತಂದುಕೊಡುವ ಒಂದು ಉಪಕರಣವಂತೆ. ಅದನ್ನು ಬಳಸುವುದು ಮನುಷ್ಯರಲ್ಲ, ಎಐ ಏಜೆಂಟುಗಳು, ಅಂದರೆ ಕಂಪ್ಯೂಟರಿನೊಳಗಿನ ಆಳುಗಳು. ಉಪಕರಣವನ್ನು ಯಾವಾಗ ಬಳಸಬೇಕು, ಏನು ಕೇಳಬೇಕು, ಸಿಕ್ಕಿದ್ದನ್ನು ಹೇಗೆ ಹೇಳಬೇಕು ಎಂದು ಆ ಆಳುಗಳಿಗಾಗಿ ಇವಳು ಸೂಚನೆ ಬರೆಯುತ್ತಾಳೆ. ಬರೆದದ್ದನ್ನೆಲ್ಲ ಮೊದಲು ನನಗೆ ಓದಿ ಹೇಳುತ್ತಾಳೆ. ನನಗೇಕೆ ಈ ಶಿಕ್ಷೆ ಎಂದು ಕೇಳಿದೆ. “ನೀನೂ ಅದೂ ಒಂದೇ ಥರ ಅತ್ತೆ. ಹೇಳಿದಷ್ಟೇ ಮಾಡ್ತೀರ. ಹೇಳದೆ ಬಿಟ್ಟಿದ್ದಕ್ಕೆ ನೀನು ಜಗಳ ತೆಗೀತೀಯ, ಅದು ಏನೋ ಒಂದು ಊಹೆ ಮಾಡ್ಕೊಂಡುಬಿಡುತ್ತೆ” ಎಂದಳು. ಅವಳ ನಾಲಿಗೆ ಮಾತ್ರ ನಿನ್ನದಲ್ಲ, ನನ್ನದೇ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಒಂದು ಆಳಿಗೆ ತನ್ನ ಮೇಲ್‌ಗಳನ್ನೇ ಒಪ್ಪಿಸಿದಳು. ಕೇಳಿದ್ದು ಒಂದೇ ಪ್ರಶ್ನೆ, ಅಪ್ಪನ ಮೇಲ್ ಬಂದಿದೆಯಾ ಎಂದು. ಅದು ತಡಮಾಡದೆ, ಇಲ್ಲ, ನಿಮ್ಮ ತಂದೆ ನಿಮಗೆ ಬರೆದಿಲ್ಲ ಎಂದಿತು. ಹುಡುಗಿ ಎದ್ದು ಪಾತ್ರೆ ತೊಳೆಯಲು ಹೋದಳು. ತೊಳೆಯಲು ಇದ್ದದ್ದು ಎರಡು ಲೋಟ, ನಲ್ಲಿ ಮಾತ್ರ ಬಹಳ ಹೊತ್ತು ಸುರಿಯುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲ ಎಂದರೆ ಎಲ್ಲಿ ಇಲ್ಲ? ನೆನಪಿದೆಯೇ, ಚಿಕ್ಕವನಿದ್ದಾಗ ಕತ್ತರಿ ತಾ ಎಂದು ಒಳಗೆ ಕಳಿಸಿದರೆ ಹೊಸ್ತಿಲಲ್ಲೇ ನಿಂತು, “ಇಲ್ಲ ಅಕ್ಕಾ” ಎಂದು ಕೂಗುತ್ತಿದ್ದೆ. ನಾನು ಹೋಗಿ ನೋಡಿದರೆ ಬಟ್ಟೆಯ ಅಡಿಯಲ್ಲೇ ಇರುತ್ತಿತ್ತು. “ಇದೂ ನಿಮ್ಮಪ್ಪನ ಥರವೇ ಹೊಸ್ತಿಲಲ್ಲಿ ನಿಂತು ಹೇಳುತ್ತಿದೆ” ಎಂದು ಅವಳಿಗೆ ಕೇಳುವಂತೆ ಕಿರುಚಿದೆ. ಅವಳು ನಗುತ್ತಾ ಬಂದವಳು, ನಗು ನಿಲ್ಲಿಸಿ ಕಂಪ್ಯೂಟರಿನ ಮುಂದೆ ಕೂತುಬಿಟ್ಟಳು. ನೋಡಿದರೆ ಹಾಗೆಯೇ ಆಗಿತ್ತು. ಹೆಚ್ಚು ಬೇಕೆಂದು ಕೇಳದಿದ್ದರೆ ಆ ಉಪಕರಣ ಮೊನ್ನೆ ಮೊನ್ನೆ ಬಂದ ಕೆಲವನ್ನಷ್ಟೇ ತಂದುಕೊಡುತ್ತದೆ. ಆ ಮಾತನ್ನು ಬರೆಯುವುದನ್ನು ಇವಳು ಮರೆತಿದ್ದಳು, ಆಳು ಅಷ್ಟನ್ನೇ ನೋಡಿ ತೀರ್ಪು ಕೊಟ್ಟಿತ್ತು. ಈಗ ಸೇರಿಸಿದ್ದಾಳೆ: ಸಿಗಲಿಲ್ಲವೆಂದರೆ ಬಂದಿಲ್ಲವೆಂದು ತಿಳಿಯಬೇಡ. ಉಳಿದದ್ದನ್ನೂ ಕೇಳಿ ತರಿಸಿಕೋ. ಎಲ್ಲೆಲ್ಲಿ ನೋಡಿದೆ ಎಂದು ಹೇಳು. ಏಕೆ ಬಂದಿಲ್ಲ ಎಂದು ನೀನೇ ಕಾರಣ ಕಟ್ಟಬೇಡ.

ಮತ್ತೆ ಕೇಳಿದಳು. ಈ ಸಲ ಅದು ನಿಧಾನ ಮಾಡಿತು. ಹಳೆಯವು, ಅಳಿಸಿದವು, ಕಸವೆಂದು ಪಕ್ಕಕ್ಕೆ ತಳ್ಳಿದವು, ನಿನ್ನ ಹಡಗಿನ ವಿಳಾಸದಿಂದ ಬಂದವು, ಎಲ್ಲವನ್ನೂ ನೋಡಿತು. ನಿಮ್ಮ ತಂದೆಯ ಕೊನೆಯ ಮೇಲ್ ಹೋದ ಜೂನ್ ತಿಂಗಳದ್ದು, ಆಮೇಲಿನದು ಎಲ್ಲಿಯೂ ಸಿಗಲಿಲ್ಲ, ಕಾರಣ ನನಗೆ ತಿಳಿಯದು ಎಂದಿತು. ಮೊದಲಾದರೆ ಆಳನ್ನು ಬೈಯಬಹುದಿತ್ತು. ಈಗ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಇನ್ನು ಯಾರನ್ನು ಬೈಯಲಿ? ಅದಕ್ಕೇ ನಿನ್ನನ್ನು ಬೈಯಲು ಕೂತಿದ್ದೇನೆ. ಅವಳ ಅಮ್ಮ ಹೋದ ಮೇಲೆ ಈ ಮನೆಯೊಳಗೆ ನಿನಗೆ ಉಸಿರು ಕಟ್ಟುತ್ತದೆ, ಗೊತ್ತು. ಬರಬೇಡ. ಆದರೆ ಬರೆ. ಸಂಜೆಯಾದರೆ ಈ ತುದಿಯಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಸದ್ದು, ಆ ತುದಿಯಲ್ಲಿ ಅವಳ ಬೆರಳುಗಳ ಸದ್ದು. ಎರಡೂ ಒಟ್ಟಿಗೆ ನಿಂತಾಗ ಇಬ್ಬರೂ ತಲೆಯೆತ್ತಿ ಬಾಗಿಲ ಕಡೆ ನೋಡುತ್ತೇವೆ. ಯಾರೂ ಬಂದಿರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲೆ ಜೋರಿದ್ದಾಗ ಬಿಸಿ ಪಾತ್ರೆ ಎತ್ತಬೇಡ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಆಶೀರ್ವಾದವೂ ಇದೆ.

ನಿನ್ನ ಅಕ್ಕ

ಮರೆತಿದ್ದೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಆ ಸೂಚನೆಯ ಕೊನೆಗೆ ಎರಡು ಉದಾಹರಣೆ ಇರಬೇಕಂತೆ. ಸಿಗದಿದ್ದಾಗ ಹೇಗೆ ಹೇಳಬೇಕು ಎಂಬುದಕ್ಕೆ ಒಂದು, ಸಿಕ್ಕಾಗ ಹೇಗೆ ಎಂಬುದಕ್ಕೆ ಇನ್ನೊಂದು. ಮೊದಲನೆಯದಕ್ಕೆ ತನ್ನ ಪ್ರಶ್ನೆಯನ್ನೇ ಹಾಕಿದ್ದಾಳೆ, ಅಪ್ಪನ ಮೇಲ್ ಬಂದಿದೆಯಾ ಎಂದು. ಇನ್ನು ಎಲ್ಲ ಆಳುಗಳೂ ಅದನ್ನು ಓದುತ್ತವೆ. ಎರಡನೆಯದರ ಜಾಗ ಖಾಲಿ ಬಿಟ್ಟಿದ್ದಾಳೆ. ಏನಾದರೂ ಕಟ್ಟಿ ಬರೆಯೇ ಎಂದೆ. “ಕಟ್ಟಬೇಡ ಅಂತ ಅದಕ್ಕೆ ಹೇಳಿ ನಾನೇ ಕಟ್ಟಲಾ ಅತ್ತೆ?” ಎಂದಳು. ಮುಂದಿನ ತಿಂಗಳ ಕೊನೆಗೆ ಅದನ್ನು ಒಪ್ಪಿಸಬೇಕು. ಅಷ್ಟರೊಳಗೆ ಅವಳಿಗೆ ನಿನ್ನದೊಂದು ಸಾಲು ಬಂದರೆ ಸಾಕು ತಮ್ಮಾ. ಊಟ ಆಯಿತು ಎಂದು ಬರೆದರೂ ನಡೆಯುತ್ತದೆ.