ಟಗರಿನ ತೂಕದ ಲೆಕ್ಕ

17 ನವೆಂಬರ್ 2025, ಕಾರ್ತಿಕ ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬಿ.ಪಿ. ಮಾತ್ರೆ ನುಂಗುವ ನಮ್ಮ ಯಜಮಾನರು ಗಂಡಸುತನಕ್ಕೆಂದು ಫೋನಿನಲ್ಲಿ ಇಂಜೆಕ್ಷನ್ ತರಿಸಿ, ಕುರಿಗೆ ಚುಚ್ಚುವ ಕೈಯಲ್ಲೇ ತಮ್ಮ ಹೊಟ್ಟೆಗೂ ಚುಚ್ಚಿಕೊಂಡಿದ್ದಾರೆ. ಬೆಳಿಗ್ಗೆ ವಾಂತಿ, ತಲೆ ಸಿಡಿತ. ಶಿರಾ ಆಸ್ಪತ್ರೆಯಲ್ಲಿ "ಊಟ ಹಿಡಿಸ್ಲಿಲ್ಲ" ಎಂದು ಸುಳ್ಳು ಹೇಳಿದರು. ಔಷಧಿ ಬಾಟಲಿಯನ್ನು ಡಾಕ್ಟರಮ್ಮನ ಮುಂದಿಟ್ಟವಳು ನಾನು.

"ಎಷ್ಟು ಹಾಕ್ಕೊಂಡ್ರಿ?"

"ಟಗರಿಗೆ ತೂಕ ನೋಡಿ ಹಾಕ್ತೀವಲ್ಲ, ಅಂಗೇ ಕಣಮ್ಮ. ಕೆಲ್ಸ ಮಾಡ್ಲಿಲ್ಲ ಅಂತ ಇನ್ನೊಂದ್ಸಲ."

"ಬಿ.ಪಿ. ಇರೋರು ಇದನ್ನ ಮುಟ್ಟಲೇಬಾರದು. ಅದೂ ಒಂದೇ ದಿನ ಎರಡ್ಸಲ! ತಲೇಲಿ ನರ ಒಡೆದಿದ್ರೆ?"

ಬರುವ ದಾರಿಯಲ್ಲಿ "ನಿಂಗೋಸ್ಕರನೇ ಕಣೇ" ಅಂದರು. ನಾನು ಕೇಳಿದ್ದೆನೇ?

ಬೀರಪ್ಪನಿಗೆ ದೀಪ ಹಚ್ಚಿ ಇವರಿಗೆ ಆಯಸ್ಸು ಬೇಡಿದೆ. ಇವರನ್ನು ಕ್ಷಮಿಸುವ ಮನಸ್ಸು ಕೊಡಪ್ಪ ಎನ್ನಲು ಮಾತ್ರ ಬಾಯೇ ಬರಲಿಲ್ಲ.