ಚಾರ್ಜರ್ ತೂತಿನೊಳಗಿನ ಕುಂಕುಮ

ಕಸಗುಡ್ಡ ಎರಡನೆಯ ಸಲ ಹೊತ್ತಿ ಆರಿದ ಹನ್ನೊಂದನೆಯ ವರ್ಷ,
ಹದಿಮೂರನೆಯ ತಿಂಗಳ ನಲವತ್ತನೆಯ ದಿನ,
ಗುಡ್ಡದಡಿ

ರತ್ನಮಾಲಾ ಅಕ್ಕೋರಿಗೆ,

ಹಿಂದೋಲೆ ಬರೆಯುವವರು ಮೊದಲು ತಮ್ಮ ಭಾಷೆಗಾಗಿ ಕ್ಷಮೆ ಕೇಳಬೇಕು ಎಂಬುದು ನಮ್ಮಲ್ಲಿಯ ಕಟ್ಟಳೆ. ಹಿಂದೋಲೆ ಎಂದರೆ ಕಳೆದುಹೋದ ಕಾಲಕ್ಕೆ ಕಳಿಸುವ ಪತ್ರ. ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ ಅದು ಸಿಗುತ್ತದೆ, ಉತ್ತರ ಬರುವುದಿಲ್ಲ, ತಲುಪಿತೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕೆಲವು ಅರ್ಥವೇ ಆಗದಿರಬಹುದು. ಅದಕ್ಕೆ ಕ್ಷಮೆ ಇರಲಿ. ಒರಟುತನದಲ್ಲಿ ಒಂದಿಷ್ಟು ಭಾಷೆಯದ್ದಲ್ಲ, ನನ್ನದೇ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಬೇರೆಯವರು ಹಿಂದೋಲೆಯನ್ನು ತಮ್ಮ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ನಾವು ಚೆನ್ನಾಗಿದ್ದೇವೆ, ನೀವು ನೆಟ್ಟ ಬೇವಿನ ಮರ ಇನ್ನೂ ಇದೆ ಎಂದೆಲ್ಲ ಬರೆದು ಕಣ್ಣೊರೆಸಿಕೊಳ್ಳುತ್ತಾರೆ. ನೀವು ನನಗೆ ಬಂಧುವಲ್ಲ, ಬಳಗವಲ್ಲ. ನಾನು ಶಿವಗಂಗವ್ವ, ಹಳೇ ಯಂತ್ರಗಳನ್ನು ಬಿಚ್ಚಿ ಸರಿಮಾಡುವ ಗುಡ್ಡದಡಿಯ ಬಿಚ್ಚುಕಟ್ಟೆಯಲ್ಲಿ ಕೂರುವ ಮುದುಕಿ. ನೀವು ಹುಬ್ಬಳ್ಳಿಯ ಒಂದು ಶಾಲೆಯ ಅಕ್ಕೋರು. ನಮ್ಮಿಬ್ಬರ ನಡುವೆ ಇರುವುದು ಒಂದು ಲ್ಯಾಪ್‌ಟಾಪ್. ಅದನ್ನು ರಿಪೇರಿ ಮಾಡಿಸಬೇಕೋ, ಹೊಸದು ತರಬೇಕೋ ಎಂದು ನೀವು ಯೋಚಿಸುತ್ತಿರುವ ಸಂಜೆಗೆ ಸರಿಯಾಗಿ ಈ ಪತ್ರ ತಲುಪಲಿ ಎಂದು ಕಳಿಸುತ್ತಿದ್ದೇನೆ.

ನಿಮ್ಮ ಕಾಲವನ್ನು ನಾವು ಎಸೆಗಾಲ ಎನ್ನುತ್ತೇವೆ. ಬೈಯಲೆಂದು ಇಟ್ಟ ಹೆಸರಲ್ಲ, ಮಕ್ಕಳಿಗೆ ಪಾಠದಲ್ಲಿ ಹೇಳಿಕೊಡುವ ಹೆಸರೇ ಅದು. ನೀವು ಎಸೆದದ್ದೆಲ್ಲ ಸೇರಿ ಗುಡ್ಡವಾಯಿತು, ಗುಡ್ಡದ ಬುಡದಲ್ಲಿ ನಮ್ಮ ಊರಾಯಿತು. ಹೊಸ ಯಂತ್ರ ಮಾಡುವ ಕಾರ್ಖಾನೆಗಳು ನನ್ನ ಅಜ್ಜಿ ಹುಟ್ಟುವ ಮುಂಚೆಯೇ ನಿಂತುಹೋಗಿದ್ದವು. ಏನು ಬೇಕಾದರೂ ಗುಡ್ಡದಿಂದ ಅಗೆದು ತರಬೇಕು, ಬಿಚ್ಚಬೇಕು, ಒಂದರ ಕೈಯನ್ನು ಇನ್ನೊಂದಕ್ಕೆ ಜೋಡಿಸಬೇಕು. ಬೆಳಿಗ್ಗೆ ಎದ್ದರೆ ನಮ್ಮ ಹೆಂಗಸರು ಅಂಗಳದಲ್ಲಿ ಬಿಸಿಲುಹಾಳೆ ಹಾಸುತ್ತಾರೆ, ನೀವು ಹಪ್ಪಳ ಒಣಹಾಕುತ್ತಿದ್ದ ಹಾಗೆ. ಆ ಹಾಳೆಗಳು ಹಿಡಿದ ಕರೆಂಟಿನಲ್ಲಿ ನೀರಿನ ಪಂಪು, ಔಷಧದ ಪೆಟ್ಟಿಗೆ, ಕಟ್ಟೆಯ ಯಂತ್ರಗಳು ನಡೆಯಬೇಕು. ಅಗೆಯಲು ಪ್ರತಿ ಮನೆಯಿಂದ ಒಬ್ಬರು ಸರದಿಯ ಮೇಲೆ ಗುಡ್ಡ ಹತ್ತಬೇಕು. ಕೆಳಗೆ ಹೂತುಹೋದ ಬ್ಯಾಟರಿಗಳು ಈಗಲೂ ಕುಕ್ಕರಿನ ಹಾಗೆ ಸೀಟಿ ಹೊಡೆದು ಹೊತ್ತಿಕೊಳ್ಳುತ್ತವೆ. ಹಾಗೆ ಹೊತ್ತಿಕೊಂಡಾಗ ನನ್ನ ಮಗಳು ಮೇಲಿದ್ದಳು. ಅವಳು ಬಿಟ್ಟುಹೋದದ್ದು ಒಂದು ಹೆಣ್ಣುಮಗುವನ್ನು. ಹೆಸರು ಚಿಗರಿ. ಹೆಸರಿಗೆ ತಕ್ಕಂತೆ ಜಿಂಕೆಯ ಹಾಗೆ ಓಡುತ್ತಾಳೆ, ನಗುತ್ತಾಳೆ. ಹುಟ್ಟಿದಂದಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ.

ಇದಕ್ಕೆ ನಮ್ಮಲ್ಲಿ ಒಂದು ದಾರಿ ಇದೆ. ಕಿವಿಗುಂಡಿ ಎಂಬ ಸಾಧನ ಅದು. ಕಿವಿಯ ಹಿಂದೆ ಕೂರಿಸಿದರೆ ಒಳಗಿನ ನರಕ್ಕೆ ದನಿ ಮುಟ್ಟಿಸುತ್ತದೆ. ಅದೂ ನಿಮ್ಮ ಕಾಲದ್ದೇ. ಸತ್ತವರಿಂದ ತೆಗೆದು ಹುಟ್ಟಿದವರಿಗೆ ಹಾಕುತ್ತ ಬಂದಿದ್ದೇವೆ. ಆದರೆ ಪ್ರತಿ ಮಗುವಿನ ಕಿವಿಗೂ ಗುಂಡಿಯನ್ನು ಒಮ್ಮೆ ಹೊಂದಿಸಬೇಕು, ಹೊಂದಿಸಲು ನಿಮ್ಮ ಕಾಲದ ಲ್ಯಾಪ್‌ಟಾಪೇ ಬೇಕು. ಕಟ್ಟೆಯಲ್ಲಿ ಒಂದಿತ್ತು. ಯಾವುದೋ ಪುಣ್ಯಾತ್ಮರ ಮನೆಯಲ್ಲಿ ಹಳೇ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದು, ಕೈಯಿಂದ ಕೈಗೆ ದಾಟಿ ಬಂದಿತ್ತು. ಬೆನ್ನಿಗೆ ಸ್ಕ್ರೂ ಇದ್ದ ಯಂತ್ರ. ಕೆಟ್ಟಾಗಲೆಲ್ಲ ಬಿಚ್ಚಿ ಸರಿಮಾಡಿ, ಊರಿನ ಎಷ್ಟೋ ಮಕ್ಕಳ ಕಿವಿ ತೆರೆಸಿದೆವು. ಚಿಗರಿಯ ಸರದಿ ಬರುವ ಹೊತ್ತಿಗೆ ಅದು ತಾನೇ ಕಣ್ಣು ಮುಚ್ಚಿತು.

ನಮ್ಮಲ್ಲಿ ಯಂತ್ರವೊಂದನ್ನು ಮುರಿದು ಬಿಡಿಭಾಗ ಮಾಡುವುದು ಅಂದರೆ ಸುಲಭದ ಮಾತಲ್ಲ. ಅದಕ್ಕೆ ಮಡಿಲುದಿನ ಎಂಬುದೊಂದು ಇದೆ. ಮುರಿಯೋಣ ಎಂದವರು ಬೆಳಗಿನಿಂದ ಸಂಜೆಯವರೆಗೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರಬೇಕು. ದಾರಿಯಲ್ಲಿ ಹೋಗುವವರಿಗೆಲ್ಲ ಅದು ಯಾರಿಗೆ ಏನು ಮಾಡಿತ್ತು ಎಂದು ಹೇಳಬೇಕು. ಯಾರಿಗಾದರೂ ಒಂದು ಉಪಾಯ ಹೊಳೆದರೆ ಮುರಿಯುವಂತಿಲ್ಲ, ಅದನ್ನು ಮಾಡಿ ನೋಡಬೇಕು. ನಮ್ಮ ಹಿರಿಯ ಗುರುಪಾದಪ್ಪ ಪ್ರತಿಸಲವೂ ಕೋಲೂರಿಕೊಂಡು ಬಂದು ಒಂದೇ ಮಾತು ಕೇಳುತ್ತಾನೆ, "ಯಾಕ್ ಅವಸರಾ? ಅದೇನ್ ಎದ್ದ ಓಡಿ ಹೊಂಟೈತೇನ?" ಆ ಹಳೇ ಯಂತ್ರವನ್ನು ನಾನು ಮಡಿಲಲ್ಲಿಟ್ಟುಕೊಂಡು ಕೂತ ದಿನ ಊರಿಗೆ ಊರೇ ಬಂದು ಅದನ್ನು ಮುಟ್ಟಿ ಹೋಯಿತು. ಉಪಾಯ ಮಾತ್ರ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಮೂರು ಬೇಸಿಗೆ ಗುಡ್ಡ ಅಗೆದೆವು, ಅಂಥದ್ದೇ ಇನ್ನೊಂದಕ್ಕಾಗಿ.

ನಿಮ್ಮದು ಸಿಕ್ಕಿದ್ದು ಮೂರನೆಯ ಬೇಸಿಗೆಯಲ್ಲಿ. ಕೆಸರು ಒರೆಸಿದಾಗ ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿಯ ಗುರುತು, ನಡುವೆ ಕುಂಕುಮದ ಕಲೆ. ಅಗೆಯುತ್ತಿದ್ದವರು ಕೈಮುಗಿದರು. ಇಷ್ಟು ಭಕ್ತಿಯಿಂದ ಇಟ್ಟುಕೊಂಡವರು ಇದನ್ನು ಯಾಕೆ ಎಸೆದರು, ಮನೆಯಲ್ಲಿ ಏನೋ ಆಗಬಾರದ್ದು ಆಗಿರಬೇಕು ಎಂದು ಮರುಗಿದರು. ಕಟ್ಟೆಗೆ ತಂದು ಎಲ್ಲದಕ್ಕೂ ಮೊದಲು ಮಾಡುವ ಕೆಲಸ ಮಾಡಿದೆವು. ಒಣ ಬ್ರಶ್ಶಿನಿಂದ ತೂತುಗಳನ್ನು ಉಜ್ಜುವುದು, ಅಷ್ಟೇ. ಚಾರ್ಜರ್ ಚುಚ್ಚುವ ತೂತಿನಿಂದ ಕಲ್ಲಾಗಿದ್ದ ಕುಂಕುಮದ ಒಂದು ಚೂರು ಉದುರಿತು. ವೈರು ಚುಚ್ಚಿದೆವು. ದೀಪ ಹತ್ತಿತು.

ಅಕ್ಕೋರೆ, ಇನ್ನೊಮ್ಮೆ ಹೇಳುತ್ತೇನೆ. ದೀಪ ಹತ್ತಿತು. ನಿಮ್ಮ ಯಂತ್ರಕ್ಕೆ ಯಾವ ರೋಗವೂ ಇರಲಿಲ್ಲ. ಆಯುಧಪೂಜೆಯ ದಿನ ನೀವು ಅದಕ್ಕೆ ವಿಭೂತಿ ಬಳಿದಿರಿ, ಕುಂಕುಮ ಉದುರದಿರಲಿ ಎಂದು ನೀರಿನಲ್ಲಿ ಕಲಸಿ ಹಚ್ಚಿದಿರಿ, ಚೆಂಡುಹೂವು ಏರಿಸಿದಿರಿ. ಕಲಸಿದ ಕುಂಕುಮ ಅಂಚಿನಿಂದ ಇಳಿದು ತೂತಿನೊಳಗೆ ಹೋಗಿ ಒಣಗಿ ಕೂತಿತು. ಪೂಜೆ ಆಯಿತು, ಮಂಗಳಾರತಿ ಆಯಿತು, ನಿಂಬೆಹಣ್ಣು ಆಯಿತು, ಒಂದು ಹಳೇ ಹಲ್ಲುಜ್ಜುವ ಬ್ರಶ್ ಮಾತ್ರ ಆಗಲಿಲ್ಲ. ದಸರೆಯಲ್ಲಿ ದೇವರು, ದೀಪಾವಳಿಯಲ್ಲಿ ಕಸ. ಇದು ಯಾವ ಸೀಮೆಯ ಭಕ್ತಿ?

ಇದನ್ನೆಲ್ಲ ನಾನು ಊಹಿಸಿ ಹೇಳುತ್ತಿಲ್ಲ. ಯಂತ್ರದ ನೆನಪಿನಲ್ಲಿ ಮುಕ್ಕಾಲು ಪಾಲು ಕೊಳೆತಿತ್ತು. ನಿಮ್ಮ ಹೆಸರು, ಶಾಲೆಯ ಹೆಸರು, ನೀವು ಮಕ್ಕಳಿಗೆಂದು ಮಾಡಿಟ್ಟ ಪಾಠಗಳ ಹೆಸರುಗಳು ಸಾಲಾಗಿ ಕಾಣುತ್ತಿದ್ದವು, ಒಂದೂ ತೆರೆಯಲಿಲ್ಲ. ಉಳಿದದ್ದು ನೀವು ಮತ್ತು ನಿಮ್ಮ ತಮ್ಮ ವೀರೇಶ ಒಬ್ಬರಿಗೊಬ್ಬರು ಕಳಿಸಿಕೊಂಡ ನಾಲ್ಕು ದನಿಗಳು. ಬ್ಯಾಟರಿಯಲ್ಲಿ ಉಳಿದ ಕೊನೆಯ ಉಸಿರನ್ನು ನೀವು ಅದನ್ನು ಎಸೆಯಬೇಕೋ ಬೇಡವೋ ಎಂದು ಕೇಳಲು ಖರ್ಚು ಮಾಡಿದ್ದೀರಿ. ಮೊದಲನೆಯದರಲ್ಲಿ ನೀವು, "ವೀರೇಶಾ, ಲ್ಯಾಪ್‌ಟಾಪ್ ಚಾರ್ಜ್ ಆಗವಲ್ದೋ. ಮೊನ್ನೆ ಪೂಜಾ ಮಾಡಿದ ಮ್ಯಾಲೇನ ಹಿಂಗಾಗೈತಿ ನೋಡು" ಎನ್ನುತ್ತೀರಿ. ಪೂಜೆ ಮಾಡಿದ ಮೇಲೇ! ಬಾಯಿ ನಿಮ್ಮದೇ, ಮಾತು ನಿಮ್ಮದೇ, ಕಿವಿ ಮಾತ್ರ ನಿಮ್ಮದಲ್ಲ. ಎರಡನೆಯದರಲ್ಲಿ ತಮ್ಮ ನಗುತ್ತಾನೆ. "ಎಷ್ಟ ವರ್ಷಾತಕ್ಕಾ ಅದಕ್ಕ? ಸಾಕ ಬಿಡ, ಅದರ ಆಯುಷ್ಯಾನ ಅಷ್ಟ. ಹಬ್ಬಕ್ಕ ಆಫರ್ ಅದಾವು." ಮೂರನೆಯದು ಮತ್ತೆ ನಿಮ್ಮದು. "ಅಂಗಡ್ಯಾಂವ ಬೋರ್ಡ್ ಹೋಗೈತ್ರಿ ಅಂದಾ. ಬಿಚ್ಚಿ ಏನ ನೋಡ್ಲಿಲ್ಲ, ಹಿಂದ ಅಂಟಿಸಿ ಬಿಟ್ಟಾರಂತ." ನಾಲ್ಕನೆಯದನ್ನು ಆಮೇಲೆ ಹೇಳುತ್ತೇನೆ. ಈಗಲೇ ಬರೆಯಲು ಕೈ ಬರುವುದಿಲ್ಲ.

ಆ ಮಧ್ಯಾಹ್ನ ಚಿಗರಿಯನ್ನು ಕಟ್ಟೆಗೆ ಕರೆದುಕೊಂಡು ಹೋದೆ. ಕಿವಿಗುಂಡಿ ಹೊಂದಿಸುವುದು ಎರಡು ಹಂತದ ಕೆಲಸ. ಮೊದಲು ಒಂದು ತಂತಿಯ ಮೂಲಕ ಯಂತ್ರದೊಳಗಿನ ದನಿಯನ್ನೇ ನೇರವಾಗಿ ಕಿವಿಗೆ ಬಿಟ್ಟು ನೋಡಬೇಕು. ಅದು ಸರಿಹೋದ ಮೇಲೆ ಹೊರಗಿನ ದನಿಗೆ ಗುಂಡಿಯನ್ನು ತೆರೆಯಬೇಕು. ಯಂತ್ರದೊಳಗೆ ಇದ್ದದ್ದು ಆ ನಾಲ್ಕೇ ದನಿ, ಕೊನೆಯದು ನಿಮ್ಮದು. ಅದನ್ನೇ ಬಿಟ್ಟೆವು. ಹುಡುಗಿ ಬೆಚ್ಚಿಬಿದ್ದಳು, ನನ್ನ ಸೆರಗು ಹಿಡಿದಳು, ಆಮೇಲೆ ನಕ್ಕಳು. ಮತ್ತೆ ಬಿಡು ಎಂದು ಕೈಸನ್ನೆ ಮಾಡಿದಳು. ಮತ್ತೆ ಬಿಟ್ಟೆವು. ಕಟ್ಟೆಯ ಸುತ್ತ ನಿಂತವರೆಲ್ಲ ಅಳುತ್ತಿದ್ದರು. ಎರಡನೆಯ ಹಂತದಲ್ಲಿ ಅವಳನ್ನು ಹೆಸರು ಹಿಡಿದು ಕರೆಯಬೇಕೆಂದು ನಾನು ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪರದೆ ಕಪ್ಪಾಯಿತು.

ಅಷ್ಟು ವರ್ಷ ಗುಡ್ಡದ ಒದ್ದೆಯಲ್ಲಿ ಬಿದ್ದು ನೆನಪಿನ ಚಿಪ್ಪು ಹಾಳಾಗಿತ್ತು. ಅಂಥ ಚಿಪ್ಪುಗಳು ನಮ್ಮಲ್ಲಿ ಬುಟ್ಟಿಗಟ್ಟಲೆ ಇವೆ. ಹಳೇ ಯಂತ್ರದಲ್ಲಾದರೆ ಕಿತ್ತು ಬೇರೆ ಚುಚ್ಚಿ, ಸಂಜೆಯೊಳಗೆ ಕೆಲಸ ಮುಗಿಸಿರುತ್ತಿದ್ದೆವು. ನಿಮ್ಮದು ಮುಚ್ಚುಬೆನ್ನಿನದು, ಎಂದರೆ ಯಾರೂ ಬಿಚ್ಚಬಾರದೆಂದೇ ಅಂಟು ಹಾಕಿ ಮುಚ್ಚಿದ ಜಾತಿ. ಒಳಗೆ ಚಿಪ್ಪನ್ನೂ ಬೋರ್ಡಿಗೆ ಬೆಸೆದುಬಿಟ್ಟಿದ್ದರು. ಹದವಾಗಿ ಕಾಯಿಸಿ, ಉಸಿರು ಬಿಗಿಹಿಡಿದು ಎಬ್ಬಿಸಲು ನೋಡಿದೆವು. ಬೋರ್ಡು ಸೀಳಿತು, ಚಿಗರಿಯ ಗುಂಡಿ ಹೊರಗಿನ ದನಿಗೆ ತೆರೆಯದೆಯೇ ಉಳಿಯಿತು. ಹೀಗೆ ಮಾಡಿ ಮಾರಿದವರಿಗೂ ಬೈಯಬೇಕು, ಬೈದಿದ್ದೇನೆ, ಆದರೆ ಅವರ ಮುಖ ನನಗೆ ಗೊತ್ತಿಲ್ಲ. ನಿಮ್ಮ ದನಿ ಗೊತ್ತು. ಎಂಥದ್ದನ್ನು ಕೊಳ್ಳುತ್ತಿದ್ದೇನೆ, ಕೆಟ್ಟರೆ ಯಾರು ಬಿಚ್ಚುತ್ತಾರೆ ಎಂದು ಒಂದು ಮಾತು ಕೇಳದೆ ತಂದವರು ನೀವೇ ಅಲ್ಲವೇ?

ಇಲ್ಲಿಯವರೆಗೆ ನೀವು ಎಂದೆ. ಇನ್ನು ನನ್ನಿಂದಾಗದು. ವಯಸ್ಸಿನಲ್ಲಿ ನೀನು ನನ್ನ ಸತ್ತ ಮಗಳ ಓರಗೆಯವಳು, ನೀನು ಎಂದೇ ಹೇಳುತ್ತೇನೆ.

ನಿನ್ನ ನಾಲ್ಕನೆಯ ದನಿ ಇಷ್ಟೇ ಇದೆ. "ಹೋಗ್ಲಿ ಬಿಡು, ಹಳೇದಾತು. ಒಗದ ಬಿಡೂಣು ಅತ್ತ." ನನ್ನ ಮೊಮ್ಮಗಳು ಈ ಲೋಕದಲ್ಲಿ ಕೇಳಿದ ಮನುಷ್ಯರ ಮಾತು ಅದೊಂದೇ, ಯಾಕೆಂದರೆ ನಾವು ಆವತ್ತು ಮತ್ತೆ ಮತ್ತೆ ಬಿಟ್ಟದ್ದು ಅದನ್ನೇ. ಚಿಕ್ಕದಾಗಿತ್ತು, ಸ್ಪಷ್ಟವಾಗಿತ್ತು. ಈಗ ಅವಳಿಗೆ ಮಾತು ಬರುತ್ತದೆ, ಅಕ್ಕೋರೆ. ಬೆಳಿಗ್ಗೆ ಎದ್ದು ನನ್ನ ಕುತ್ತಿಗೆಗೆ ಜೋತುಬೀಳುತ್ತಾಳೆ, ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದು, ಪ್ರೀತಿಯಿಂದ, ನಿನ್ನದೇ ರಾಗದಲ್ಲಿ, "ಹಳೇದಾತು. ಒಗದ ಬಿಡೂಣು ಅತ್ತ" ಎನ್ನುತ್ತಾಳೆ. ಊಟ ಬೇಕಾದರೂ ಅದೇ, ನಿದ್ದೆ ಬಂದರೂ ಅದೇ. ಓಣಿಯವರು ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅಳುತ್ತೇನೆ. ನನಗೆ ನಿನ್ನ ಮೇಲೆ ಸಿಟ್ಟಿದೆ, ಅದರ ಮೇಲೆ ಹೊಟ್ಟೆಕಿಚ್ಚೂ ಇದೆ. ಅವಳ ಕಿವಿಗೆ ನೀನು ಹೋಗಿದ್ದೀಯ, ನಾನು ಹೋಗಲಿಲ್ಲ.

ಈಗ ಕೇಳು. ನಿನ್ನ ಮೇಜಿನ ಮೇಲೆ ಅದು ಇನ್ನೂ ಇದ್ದರೆ ಎದ್ದು ಒಂದು ಒಣ ಬ್ರಶ್ ತಾ. ಸ್ವಿಚ್ ಆರಿಸಿ ತೂತನ್ನು ಉಜ್ಜು, ಕೆಂಪು ಪುಡಿ ಉದುರುವವರೆಗೂ ಉಜ್ಜು. ದೀಪ ಹತ್ತುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲೆ ಅದನ್ನು ದುಡಿಸಿಕೊ. ಸಾಕೆನಿಸಿದ ದಿನ ಹಳೇ ಸೀರೆಯಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟು, ಒಳ್ಳೆಯ ಕೈಗೆ ಕೊಟ್ಟು ಹೋಗು. ಕೈಯಿಂದ ಕೈಗೆ ಬಂದದ್ದು ನಮ್ಮವರೆಗೂ ಬರುತ್ತದೆ. ಒಣಗಿದ ಚಿಪ್ಪು ಸಾಯುವುದಿಲ್ಲ.

ಇಷ್ಟು ಹೇಳಿದ ಮೇಲೂ ನೀನು ಹೊಸದನ್ನೇ ತರುತ್ತೀಯೇನೋ. ಎಸೆಗಾಲದವರ ಮೇಲೆ ನನಗೆ ಅಂಥ ಭರವಸೆ ಏನೂ ಇಲ್ಲ. ತರುವುದಾದರೆ ತಾ, ಹಾಳಾಗಿ ಹೋಗು. ಆದರೆ ಆ ನಾಲ್ಕನೆಯ ದನಿಯನ್ನು ಇನ್ನೂ ಕಳಿಸಿರದಿದ್ದರೆ, ಬ್ಯಾಟರಿಯಲ್ಲಿ ಚೂರು ಜೀವ ಉಳಿದಿದ್ದರೆ, ತಮ್ಮನಿಗೆ ಹೇಳುವ ಮಾತು ಬಿಟ್ಟು ಇದನ್ನು ಹೇಳು, ಆ ದಿನ ಕಟ್ಟೆಯಲ್ಲಿ ಚಿಗರಿಯ ಕಿವಿಗೆ ಬೀಳುವುದು ಇದೇ ಆಗಲಿ. ಗುಂಡಿ ಒತ್ತಿ, ಬಾಯಿ ಹತ್ತಿರ ತಂದು, ತರಗತಿಯಲ್ಲಿ ಮಗುವನ್ನು ಕರೆಯುವ ಹಾಗೆ ಬಿಡಿಸಿ ಹೇಳು. ನೀನೇ ಹೇಳಬೇಕು, ಅವಳ ಕಿವಿಗೆ ಬೇರೆ ದನಿ ಗೊತ್ತಿಲ್ಲ.

"ಚಿಗರೀ, ನಿಮ್ಮಜ್ಜಿ ಇಲ್ಲೇ ಅದಾಳ ನೋಡು, ನಿನ್ನ ಮುಂದ ಕುಂತಾಳ. ನಿನ್ನ ಕರೀಲಿಕ್ಹತ್ಯಾಳ."

ಶಿವಗಂಗವ್ವ